ಹೆಸರು ಹೇಳಿ ಒಳಗೆ ಬನ್ನಿ

ಕದಿಯುವಂಥದ್ದು ಏನೂ ಇಲ್ಲದವನೇ ದೊಡ್ಡ ಬೀಗ ಹಾಕುತ್ತಾನೆ ಎಂಬುದಕ್ಕೆ ನಾನೇ ಸಾಕ್ಷಿ. ತೊಂಬತ್ತರ ದಶಕದ ಕೊನೆಯಲ್ಲಿ, ಆಳಂದದ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದಾಗ, ನಾನೊಂದು ವೆಬ್‌ಸೈಟ್ ಮಾಡಿಕೊಂಡಿದ್ದೆ. ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ಗುಲಬರ್ಗಾಕ್ಕೆ ಹೋಗಿ, ಟೈಪಿಂಗ್ ಕ್ಲಾಸನ್ನು ಕಂಪ್ಯೂಟರ್ ಅಂಗಡಿ ಮಾಡಿಕೊಂಡಿದ್ದ ಖಾಜಾಸಾಬರ ಪಕ್ಕದಲ್ಲಿ ಕೂರುತ್ತಿದ್ದೆ. ರಜೆಯ ದಿನ ಮನೆಯ ಗೋಡೆ ನೋಡುತ್ತ ಕೂರುವುದಕ್ಕಿಂತ ಅದೇ ವಾಸಿ. ಹೆಂಡತಿ ಗೌರಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ವೆಬ್‌ಸೈಟಿನಲ್ಲಿ ಇದ್ದದ್ದು ಮೂರೇ ಪುಟ. ಒಂದರಲ್ಲಿ ನನ್ನ ಪರಿಚಯ, ಇನ್ನೊಂದರಲ್ಲಿ ಗ್ರಂಥಾಲಯದ ಹಳೆಯ ಉರ್ದು ಪುಸ್ತಕಗಳ ಪಟ್ಟಿ. ಮೂರನೆಯದು ಗೌರಮ್ಮನದು. ಕಂಪ್ಯೂಟರಿಗೆ ಕನ್ನಡ ಒಗ್ಗದ ಕಾಲ. ಆಕೆಯ ಬಗ್ಗೆ ಕೈಯಲ್ಲಿ ಬರೆದ ಹಾಳೆಗಳನ್ನೇ ಸ್ಕ್ಯಾನ್ ಮಾಡಿಸಿ ಹಾಕಿದ್ದೆ. ಅದಕ್ಕೊಂದು ಪಾಸ್‌ವರ್ಡ್ ಬೇಕೆಂದಾಗ ಖಾಜಾಸಾಬರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಇಪ್ಪತ್ತಾರು ಸಲ ಯಾರೋ ಬಂದಿದ್ದಾರೆ ಎಂದು ಪುಟದ ಕೆಳಗೆ ಬರೆದಿತ್ತು. ಅಷ್ಟೂ ಸಲ ಬಂದವನು ನಾನೇ.

"ಬರೋರೇ ಇಲ್ಲ ಸರ್, ಬೀಗ ಯಾರಿಗ್ರಿ?" ಎಂದರು.

ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಬೀಗವಿದ್ದರೆ, ಯಾರೂ ಬಾರದಿರುವುದಕ್ಕೆ ಅದೇ ಕಾರಣವೆಂದು ಸಮಾಧಾನ ಮಾಡಿಕೊಳ್ಳಬಹುದು.

ಪಾಸ್‌ವರ್ಡ್ ಏನು ಹೊಸದೇ? ಕೋಟೆಯ ಕಾವಲುಗಾರರು ಗುಟ್ಟಿನ ಮಾತು ಕೇಳುತ್ತಿದ್ದರಂತೆ. ನಮ್ಮ ಕಡೆ ಮದುಮಗಳಿಗೂ ಅದು ತಪ್ಪಿದ್ದಲ್ಲ. ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಒಡಪು ಹೇಳಿದರೆ ಮಾತ್ರ ದಾರಿ. ಅಫಜಲಪುರದಿಂದ ಬಂದ ಗೌರಮ್ಮ ತಲೆ ತಗ್ಗಿಸಿ ಹೇಳಿದ್ದಳು:

"ಹಳದಿ ಹೂವಿನ ತೊಗರಿ ಹೊಲ, ಬಿಳಿ ಹೂವಿನ ಜಾಜಿ, ಶರಣಪ್ಪನವರ ಹೆಸರು ಹೇಳೇನಿ, ಬಾಗಲ ಬಿಡಾಕ ಆಗ್ರಿ ರಾಜಿ."

ಆಮೇಲೆ ಇಪ್ಪತ್ತೆರಡು ವರ್ಷ ಆಕೆಯ ಬಾಯಲ್ಲಿ ನಾನು ಬರೀ 'ಏನ್ರಿ'. ಆ ಒಡಪಿನ ಕೊನೆಯ ಮಾತನ್ನೇ ಪಾಸ್‌ವರ್ಡ್ ಮಾಡಿದೆ. ಅಂದು ಹೊಸ್ತಿಲಲ್ಲಿ ನಿಂತು ಕೇಳಿದವರಲ್ಲಿ ಉಳಿದವಳು ಜೇವರ್ಗಿಯಲ್ಲಿದ್ದ ನನ್ನ ತಂಗಿ ಶಾಂತಾ ಒಬ್ಬಳೇ. ಗೌರಮ್ಮನನ್ನು ಬಲ್ಲವರೊಬ್ಬರಾದರೂ ಆ ಹಾಳೆಗಳನ್ನು ಓದಲಿ ಎಂಬ ಆಸೆ ನನಗೆ ಬಹಳವಿತ್ತು. ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ.

ಶಾಂತಾ ಒಮ್ಮೆ ಕಣ್ಣು ತೋರಿಸಲು ಗುಲಬರ್ಗಾದ ದವಾಖಾನೆಗೆ ಬಂದಳು. ಅಲ್ಲಿಂದ ಅಂಗಡಿಗೆ ಕರೆದೊಯ್ದು, ಇದು ನಿನ್ನ ವೈನಿಯ ಪುಟ, ಆಕೆಯ ಒಡಪಿನ ಕೊನೆಯ ಮಾತು ಹೇಳಿದರೆ ತೆರೆಯುತ್ತದೆ ಎಂದೆ. ಪರೀಕ್ಷೆ ಮಾಡುವ ಮಾಸ್ತರನ ಗತ್ತಿನಲ್ಲಿ ಕೂತಿದ್ದೆ. ನಿಜಕ್ಕೂ ಪರೀಕ್ಷೆ ಇದ್ದದ್ದು ನನಗೆ. ಅವಳು ಮರೆತಿದ್ದರೆ, ಆ ಮಾತು ನೆನಪಿರುವವನು ಲೋಕದಲ್ಲಿ ನಾನೊಬ್ಬನೇ ಆಗಿಬಿಡುತ್ತಿದ್ದೆ.

ಶಾಂತಾ ಇಡೀ ಒಡಪನ್ನು ಹೇಳಿದಳು. ನನ್ನ ಹೆಸರು ಬಂದಾಗ, ಅಂದು ಗೌರಮ್ಮ ನಾಚಿ ನಿಂತಂತೆಯೇ ತುಸು ನಿಂತು, ಮುಂದಿನದನ್ನು ಹೇಳಿದಳು. ಆಮೇಲೆ ನನ್ನತ್ತ ತಿರುಗಿದಳು.

"ನಾವು ಬಾಗಲಕ್ಕ ಅಡ್ಡ ನಿಂತಿದ್ದು ಆಕಿನ್ನ ಒಳಗ ಕರಕೊಳ್ಳಾಕ ಅಣ್ಣಾ. ನೀ ಯಾರ್ನೂ ಬಿಡಬಾರದಂತ ನಿಂತೀದಿ."

ಖಾಜಾಸಾಬರು ರಾಜಿ ಎಂದು ಒತ್ತಿದರು. ಪುಟ ತೆರೆಯಿತು. ಕಣ್ಣಿಗೆ ಔಷಧ ಹಾಕಿದ್ದಾರೆ, ಅಕ್ಷರ ಕಾಣುವುದಿಲ್ಲ, ನೀನೇ ಓದು ಎಂದಳು ಶಾಂತಾ.

ಓದಿದೆ. ಬರೆಯುವಾಗ ಬಾರದ ಅಳು ಓದುವಾಗ ಬಂತು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲ ಆ ಔಷಧದ್ದೇ ಕೆಲಸ ಎಂದಳು. ನನಗೆ ಹಾಗೆ ಹೇಳಿಕೊಳ್ಳಲು ಔಷಧವೂ ಇರಲಿಲ್ಲ.