ಅಕ್ಕನ ನೀಲಿ ಪೆಟ್ಟಿಗೆ

ಮೊನ್ನೆ ಮೊಮ್ಮಗಳಿಗೆ ಚುಚ್ಚುಮದ್ದು ಹಾಕಿಸಲು ಅಂಗನವಾಡಿಗೆ ಹೋಗಿದ್ದೆ. ನರ್ಸಮ್ಮ ಮದ್ದಿನ ನೀಲಿ ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟು, "ಒಂಚೂರು ಹಿಡ್ಕಳ್ರಿ ಅಜ್ಜಾ" ಅಂದಳು. ಅದರ ತಂಪು ಪಂಚೆ ದಾಟಿ ಮೈಗೆ ತಾಗಿದ್ದೇ ಎರಡೂ ಕೈಯಿಂದ ಮುಚ್ಚಳವನ್ನು ಅದುಮಿ ಹಿಡಿದೆ. ಪೆಟ್ಟಿಗೆ ಬೀಳದಿರಲಿ ಅಂತ ಅಂದುಕೊಂಡಿರೇನೋ. ಅಲ್ಲ.

ನಮ್ಮಕ್ಕನೂ ನರ್ಸು. ತೊಂಬತ್ತರ ದಶಕದಲ್ಲಿ ಹರಿಯಬ್ಬೆ ಕಡೆಯ ಅಂಗನವಾಡಿಗಳಿಗೆಲ್ಲ ಅವಳೇ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವಳನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಹೋಗುವುದೇ ನನ್ನ ಘನಂದಾರಿ ಉದ್ಯೋಗ. ಮಕ್ಕಳು ಅವಳ ಸೀರೆ ಕಂಡರೆ ಕಿರುಚಿ ಓಡುತ್ತಿದ್ದವು. ಬೆನ್ನಟ್ಟಿ ಹಿಡಿದು ಚುಚ್ಚುವವಳೂ ಅವಳೇ, ಮೂಗು ಒರೆಸಿ ನಗಿಸುವವಳೂ ಅವಳೇ. ಮನೆಗೆ ಬಂದರೂ ಯಾವ ಕೂಸಿಗೆ ಹಲ್ಲು ಬಂತು, ಯಾವುದು ತೂಕ ಏರಿತು ಅನ್ನುವುದೇ ಮಾತು. "ಅಷ್ಟಕ್ಕೆಲ್ಲ ಸಂಬಳ ಕೊಡ್ತಾರೇನಕ್ಕ?" ಅಂತ ಹಂಗಿಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ, ಅಂಗನವಾಡಿಗೆ ಹೋಗುವ ದಾರಿಯಲ್ಲಿ, ಬಾಣಂತಿಯೊಬ್ಬಳನ್ನು ನೋಡಿ ಬರಲು ಹೊರಟವಳು ಇಂಥದ್ದೇ ನೀಲಿ ಪೆಟ್ಟಿಗೆಯನ್ನು ನನಗೊಪ್ಪಿಸಿದಳು. "ಮುಚ್ಚಳ ಮುಟ್ಬ್ಯಾಡ ಲೇ. ಮದ್ದು ತಣ್ಣಗಿರ್ಬೇಕು."

ಹೊಂಗೆಯ ನೆರಳಲ್ಲೂ ಬೇಯುವಂಥ ಸೆಕೆ. ಒಳಗಿದ್ದ ಐಸಿನ ಚಪ್ಪಟೆ ಡಬ್ಬಿಗಳನ್ನು ತೆಗೆದು ಅಂಗಿಯೊಳಗೆ, ಹೊಟ್ಟೆಯ ಮೇಲಿಟ್ಟುಕೊಂಡೆ. ಮಹಾರಾಜನ ಹಾಗೆ ನಿದ್ದೆ ಬಂತು. ಎಚ್ಚರವಾದಾಗ ಡಬ್ಬಿಗಳಲ್ಲಿ ನೀರು ಕುಲುಕುತ್ತಿತ್ತು, ಮುಚ್ಚಳ ಬಿಸಿಲಲ್ಲಿ ಬಿದ್ದಿತ್ತು. ಅಕ್ಕ ಬರುವಷ್ಟರಲ್ಲಿ ಎಲ್ಲವನ್ನೂ ತುರುಕಿ ಮುಚ್ಚಿದೆ.

ಅಂಗನವಾಡಿಯಲ್ಲಿ ಪೆಟ್ಟಿಗೆ ತೆರೆದವಳು ಹಾಗೇ ನಿಂತಳು. "ಮದ್ದು ಕೆಟ್ಟೈತೆ. ಹಾಕಾಕಾಗಲ್ಲ."

"ಹಾಕ್ಬಿಡಕ್ಕ, ಯಾರಿಗೆ ಗೊತ್ತಾಗ್ತೈತೆ?" ಪಿಸುಗುಟ್ಟಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಕುರಿ ಮೇಯಿಸುವ ಚಿತ್ತಮ್ಮ ಕೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗದರಿದಳು: "ನಾಳೆ ಮಂದೆ ಹೊಡ್ಕಂಡು ಹೊಂಟೀವಿ ಸಿಸ್ಟ್ರೇ! ನಮ್ ಕುರಿಗಾದ್ರೂ ಟೈಮಿಗೆ ಸೂಜಿ ಬೀಳ್ತೈತೆ."

"ತಪ್ಪು ನಂದೇ ಕಣಮ್ಮ, ಮುಚ್ಚಳ ಸರಿಯಾಗಿ ಹಾಕಿರ್ಲಿಲ್ಲ" ಅಂದಳು ಅಕ್ಕ. ನಾನು ಮೊಪೆಡ್ಡು ಹೊರಡಿಸುವ ನೆಪದಲ್ಲಿ ಹೊರಗೆ ನಡೆದೆ.

ಮರುದಿನ ಹೊಸ ಮದ್ದು ತಂದು, ಮಂದೆ ಹುಡುಕಿಕೊಂಡು ಬಿಸಿಲಲ್ಲಿ ಒಬ್ಬಳೇ ನಡೆದಳು. ನನ್ನನ್ನು ಕರೆಯಲಿಲ್ಲ. ಮಂದೆ ಸಿಗಲೂ ಇಲ್ಲ.

ಮಳೆ ಬಿದ್ದ ಮೇಲೆ ಚಿತ್ತಮ್ಮ ಊರಿಗೆ ಬಂದಳು. ಸೊಂಟ ಬರಿದಾಗಿತ್ತು. "ದಡಾರ ಎದ್ದಿತ್ತು ಸಿಸ್ಟ್ರೇ. ದಾರ್ಯಾಗೇ ಹೋತು." ಅಕ್ಕ ಚಿತ್ತಮ್ಮನ ಕೈ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ನಾನು ಮೊಪೆಡ್ಡಿನ ಹ್ಯಾಂಡಲ್ಲು ಹಿಡಿದುಕೊಂಡೇ ಇದ್ದೆ.

ಮೊನ್ನೆ ಕೊನೆಯ ಮಗುವಿನ ಸರದಿ ಮುಗಿಯುವ ತನಕ ಆ ಪೆಟ್ಟಿಗೆಯನ್ನು ನಾನು ಕೆಳಗಿಡಲಿಲ್ಲ. ಮೊಮ್ಮಗಳನ್ನು ಮನೆಗೆ ಬಿಟ್ಟು ಚಿತ್ರದುರ್ಗದ ಬಸ್ಸು ಹತ್ತಿದೆ. ನಿವೃತ್ತಿಯಾಗಿರುವ ಅಕ್ಕ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಅವತ್ತು ನಿನ್ನ ಅಂಗಿ ಒದ್ದೆ ಇತ್ತಲ್ಲೋ" ಅಂದಳು. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ನನ್ನ ಕೈ ತಾನಾಗಿ ಹೊಟ್ಟೆಯ ಮೇಲಿನ ಅಂಗಿಯನ್ನು ಮುಟ್ಟಿ ನೋಡಿತು.