ಒಂದು ರಿಂಗ್ ಸಾಕು

ಫೋನು ರಿಂಗ್ ಆದರೆ ಜನ ಎತ್ತುತ್ತಾರೆ. ಶ್ಯಾಮರಾಯರು ಕೈ ಕಟ್ಟಿಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದರು. ಸಂಜೆ ಏಳೂವರೆಗೆ ಅದು ಒಂದೇ ಒಂದು ಸಲ ಕೂಗಿ ಸುಮ್ಮನಾಗುತ್ತಿತ್ತು. ಇವರ ಮುಖ ಅರಳುತ್ತಿತ್ತು. ‘ಮುಟ್ಟಿದಳು’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ತಾವೂ ಅದೇ ನಂಬರಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಕುಕ್ಕರ್ ಇಡಲು ಏಳುತ್ತಿದ್ದರು. ಆ ನಂಬರು ವಿಶಾಖಪಟ್ಟಣದಲ್ಲಿದ್ದ ಅವರ ಹೆಂಡತಿ ವಸುಧಾ ಅವರದು. ಆಕೆ ಅಲ್ಲಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸದಲ್ಲಿದ್ದರು.

ನಾನೂ ರಾಯರೂ ವಿಜಯವಾಡದ ಗವರ್ನರ್‌ಪೇಟೆಯ ಒಂದೇ ಬ್ಯಾಂಕ್ ಶಾಖೆಗೆ ವರ್ಗವಾಗಿ ಬಂದು ಬಿದ್ದವರು. ಅವರು ಗದಗಿನವರು, ಆಫೀಸರು. ನಾನು ಹಾಸನದವನು, ಗುಮಾಸ್ತ. ಪಟಮಟದಲ್ಲಿ ಎರಡು ಕೋಣೆಯ ಮನೆ ಹಿಡಿದು ಒಟ್ಟಿಗೇ ಇದ್ದೆವು. ತಿಂಗಳಿಗೊಂದು ರೀಚಾರ್ಜ್ ಮಾಡಿಸಿದರೆ ಗಂಟಲು ಕಟ್ಟುವಷ್ಟು ಮಾತಾಡಬಹುದಾದ ಈ ಕಾಲದಲ್ಲಿ, ಕಟ್ಟಿಕೊಂಡ ಹೆಂಡತಿಗೆ ಮಿಸ್ಡ್ ಕಾಲ್ ಕೊಡುವ ಆಫೀಸರನ್ನು ನಾನು ಕಂಡಿರಲಿಲ್ಲ. ಎಂಥ ಜಿಪುಣ ಮಹಾರಾಯನಪ್ಪಾ ಅಂದುಕೊಂಡೆ. ಶಾಖೆಯವರೂ ಅದನ್ನೇ ಅಂದುಕೊಂಡು, ಬೆನ್ನ ಹಿಂದೆ ‘ರಿಂಗ್‌ರಾವ್ ಗಾರು’ ಎನ್ನುತ್ತಿದ್ದರು. ಆಡಿಕೊಳ್ಳುವಾಗಲೂ ‘ಗಾರು’ ಸೇರಿಸಲು ಮರೆಯುತ್ತಿರಲಿಲ್ಲ, ಅಲ್ಲಿಯ ಮರ್ಯಾದೆಯೇ ಹಾಗೆ.

ರಿಂಗಿನ ವಿಷಯದಲ್ಲಿ ಅವರದೇ ಒಂದು ಶಾಸ್ತ್ರವಿತ್ತು. ಬೀನ್ಸ್ ಹೆಚ್ಚುತ್ತ ನನಗೆ ಪಾಠ ಮಾಡುತ್ತಿದ್ದರು.

‘ರಿಂಗ್ ಅಂದ್ರ ಬರೇ ಸಪ್ಪಳಲ್ಲೋ ತಮ್ಮಾ. ಒಂದು ಕೊಟ್ರ ಮನಿ ಮುಟ್ಟೀನಿ ಅಂತ. ಎರಡು ಕೊಟ್ರ ಊಟ ಆತು. ಮೂರು ಕೊಟ್ರ ತಲಿನೋವು, ಲಗೂ ಮಲಕೋತೀನಿ ಅಂತ. ಅರ್ಧಕ್ಕ ಕಟ್ ಮಾಡಾಂವ ಪುಕ್ಕಲ, ಅಂವಗ ನಾವ ತಿರುಗಿ ಮಾಡಬೇಕು. ನಿಲ್ಲಸದ ಹೊಡಕೋತ ಇರಾಂವ ರೀಜನಲ್ ಆಫೀಸಿನಾಂವ.’

‘ಎತ್ತಿ ಎರಡು ಮಾತಾಡಿಬಿಟ್ಟರೆ ಏನು ಕಳೆದುಹೋಗುತ್ತೆ ಸರ್?’

‘ಎತ್ತಿದ್ರ ಕೆಟ್ಟಿತು. ರಿಂಗ್ ಇರೋದು ಎತ್ತಲಿಕ್ಕಲ್ಲ, ಕೇಳಲಿಕ್ಕೆ.’

ಗಿರಾಕಿಗಳು ‘ಒಕ್ಕ ರಿಂಗ್ ಇವ್ವಂಡಿ ಸಾರ್’, ಅಂದರೆ ಕೆಲಸವಾದಾಗ ಒಂದು ರಿಂಗ್ ಕೊಡಿ ಎಂದು ನಂಬರು ಬರೆದುಕೊಟ್ಟು ಹೋದರೆ, ಇವರು ಲೆಕ್ಕಕ್ಕೆ ಸರಿಯಾಗಿ ಒಂದೇ ರಿಂಗ್ ಕೊಟ್ಟು ಫೋನು ಕೆಳಗಿಡುತ್ತಿದ್ದರು. ಆಮೇಲೆ ಆ ಬಡಪಾಯಿಗಳು ಶಾಖೆಗೇ ಓಡಿಬಂದು ಏನು ಎತ್ತ ಎಂದು ಕೇಳಬೇಕಾಗುತ್ತಿತ್ತು.

ಒಂದು ಸಂಜೆ ಏಳೂವರೆ ಆಯಿತು, ಎಂಟಾಯಿತು, ರಿಂಗ್ ಬರಲಿಲ್ಲ. ವಿಶಾಖಪಟ್ಟಣದ ಕಡೆ ಗಾಳಿಮಳೆ, ಟವರುಗಳೆಲ್ಲ ಬಂದ್ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ರಾಯರು ಫೋನು ಹಿಡಿದು ಮಹಡಿ ಹತ್ತಿದವರು ಊಟಕ್ಕೂ ಇಳಿಯಲಿಲ್ಲ. ಬೆಳಿಗ್ಗೆ ನಾನು ಕಾಫಿ ಸೋಸುವಾಗ ಕೆಳಗಿಳಿದು ಬಂದರು, ಕೈಯಲ್ಲಿದ್ದ ಫೋನು ಒಂದು ಸಲ ಕೂಗಿತು. ನಮ್ಮ ಜಿಪುಣರು ಅಡುಗೆಮನೆಯ ನೆಲದ ಮೇಲೆ ಕುಳಿತು ಮಕ್ಕಳಂತೆ ಅತ್ತರು.

ಆಗ ಬಾಯಿ ಬಿಟ್ಟರು. ‘ಇಲ್ಲಿಗೆ ವರ್ಗ ಆದಾಗ, ನೌಕರಿ ಬಿಟ್ಟು ಬಾ ಅಂದೆ. ಬರೂದಿಲ್ಲ ಅಂದ್ಲು. ಸಿಟ್ಟಿನ್ಯಾಗ, ಇನ್ನ ನಿನ್ನ ದನೀನೂ ಕೇಳಸೂದು ಬ್ಯಾಡ ಅಂದುಬಿಟ್ಟೆ. ಆತು, ಕೇಳಸೂದಿಲ್ಲ ಅಂದ್ಲು. ಮೂರು ವರ್ಷ ಆತು ನೋಡು.’

‘ಮತ್ತೆ ಈ ರಿಂಗು?’

‘ಅದರಾಗ ದನಿ ಎಲ್ಲದನೋ?’

‘ನೀವೇ ಮೊದಲು ಮಾತಾಡಿ ಸರ್.’

‘ಏನಂತ ಸುರು ಮಾಡಲಿ?’ ಎಂದರು. ಇಡೀ ಶಾಖೆಗೆ ಬುದ್ಧಿ ಹೇಳುವ ಮನುಷ್ಯ ನನ್ನ ಮುಖ ನೋಡುತ್ತಿದ್ದರು.

ಇಂಥ ಹೊತ್ತಿನಲ್ಲಿ ನನ್ನಂಥ ಬುದ್ಧಿವಂತರು ಸುಮ್ಮನಿರಬೇಕು. ನಾನು ಸುಮ್ಮನಿರಲಿಲ್ಲ. ಮುಂದಿನ ಶನಿವಾರ ಏಳೂವರೆಗೆ ರಾಯರು ಬಚ್ಚಲಲ್ಲಿದ್ದರು. ರಿಂಗ್ ಬಂತು. ಗಂಡಹೆಂಡಿರನ್ನು ಒಂದು ಮಾಡಿಯೇ ಬಿಡುತ್ತೇನೆಂದು ಎತ್ತಿ ‘ಹಲೋ’ ಅಂದೆ. ಆ ಕಡೆ ಒಂದು ಉಸಿರು ಕೇಳಿಸಿತು, ಕಟ್ ಆಯಿತು. ತಲೆ ಒರೆಸಿಕೊಳ್ಳುತ್ತ ಬಂದ ರಾಯರು ‘ಬಂತೇನು?’ ಎಂದರು. ‘ಬಂತು ಸರ್’ ಎಂದು ಬೇರೆ ಕಡೆ ನೋಡಿದೆ. ಅವರು ಎಂದಿನಂತೆ ತಮ್ಮ ರಿಂಗ್ ಕೊಟ್ಟರು.

ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಬೆಳಗಿನ ರೈಲು ಹಿಡಿದು ಬಂದ ವಸುಧಾ, ಕೈಯಲ್ಲಿ ಒಂದು ಚೀಲ. ಈಳಿಗೆಮಣೆಯ ಮುಂದೆ ಕೂತಿದ್ದ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು, ‘ಎತ್ತಿದವರು ಯಾರು?’

ರಾಯರಿಗೆ ತಲೆಬುಡ ತಿಳಿಯಲಿಲ್ಲ. ‘ನೀರು ಕುಡೀತಿಯೇನು?’ ಎಂದರು.

‘ನಾನೇ ಅಕ್ಕಾ’ ಅಂದೆ.

‘ಮಂದಿ ಫೋನು ಎತ್ತತಾರೇನ್ರೀ? ಇವರಿಗೇ ಏನರೆ ಆತೇನೋ, ಮತ್ತ್ಯಾರೋ ಎತ್ತ್ಯಾರ, ಆಮ್ಯಾಲ ಬಂದ ರಿಂಗೂ ಇವರದಲ್ಲೇನೋ ಅಂತ ನಿನ್ನೆಯಿಂದ ಜೀವ ಕೈಯಾಗ ಹಿಡಕೊಂಡೀನಿ!’ ಎಂದು ಬೈದು, ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತರು. ನಾನು ಮೊಸರು ತರುವ ನೆಪ ಹೇಳಿ ಎರಡು ಗಂಟೆ ಪಟಮಟದ ಬೀದಿ ಸುತ್ತಿದೆ. ವಾಪಸು ಬಂದಾಗ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಇಬ್ಬರೂ ಗಟ್ಟಿಯಾಗಿ ಜಗಳವಾಡುತ್ತಿದ್ದರು. ಅಷ್ಟು ಚೆಂದದ ಜಗಳವನ್ನು ನಾನು ಕೇಳಿಲ್ಲ.

ಮರುವರ್ಷ ರಾಯರು ತಮಗೆ ಬರಬೇಕಿದ್ದ ಪ್ರಮೋಷನ್ ಬೇಡವೆಂದು ಬರೆದುಕೊಟ್ಟು ವಿಶಾಖಪಟ್ಟಣಕ್ಕೆ ವರ್ಗ ತೆಗೆದುಕೊಂಡರು. ರೈಲು ಹತ್ತುವಾಗ, ‘ದಿನಾ ಮನಿ ಮುಟ್ಟಿದ ಮ್ಯಾಲ ಒಂದು ರಿಂಗ್ ಕೊಡು. ಎತ್ತೂದಿಲ್ಲ’ ಎಂದರು.

‘ಈಗಲಾದರೂ ಮಾತಾಡಬಹುದಲ್ಲ ಸರ್?’

‘ಮನ್ಯಾಗ ಮಾತಾಡಲಿಕ್ಕೆ ಒಬ್ಬಾಕಿ ಇರ್ತಾಳಲ್ಲಾ, ಕಿವಿಗೆ ಅಷ್ಟ ಸಾಕು’ ಎಂದು ನಕ್ಕರು.

ಎರಡು ವರ್ಷ ದಿನವೂ ಕೊಟ್ಟೆ. ದಿನವೂ ಒಂದು ತಿರುಗಿ ಬರುತ್ತಿತ್ತು. ಮನೆಯಲ್ಲಿ ಒಬ್ಬನೇ ಇದ್ದವನಿಗೆ, ನಾನು ಮುಟ್ಟಿದೆನೋ ಇಲ್ಲವೋ ಎಂದು ಕಾಯುವವರು ಒಬ್ಬರಿದ್ದಾರೆ ಎನ್ನುವುದೇ ಸಾಕಾಗಿತ್ತು. ಜಿಪುಣ ಎಂದಿದ್ದಕ್ಕೆ ಮನಸ್ಸಿನಲ್ಲೇ ಎಷ್ಟು ಸಲ ಕೆನ್ನೆ ಬಡಿದುಕೊಂಡೆನೋ.

ಹೋದ ತಿಂಗಳು ಒಂದು ಸಂಜೆ ಚಪ್ಪಲಿ ಬಿಟ್ಟು ರಿಂಗ್ ಕೊಟ್ಟೆ. ಎತ್ತಿದರು.

‘ಹಲೋ’ ಎಂದಿತು ಹೆಂಗಸಿನ ದನಿ. ನಾನು ಎತ್ತಿದ ಆ ಶನಿವಾರ ಆಕೆಗೆ ಏನಾಗಿರಬಹುದೆಂದು ನನಗೆ ಆಗ ಅರ್ಥವಾಯಿತು. ‘ಮುಂಜಾನೆ ಚಹಾ ಕುಡಕೋತ ಕೂತಾವರು ಹಂಗ ಹೋಗಿಬಿಟ್ರು’ ಎಂದರು ವಸುಧಾ.

ಮರುದಿನ ಹೋಗಿ, ಕಾರ್ಯಗಳೆಲ್ಲ ಮುಗಿಯುವವರೆಗೆ ಇದ್ದೆ. ಹೊರಟಾಗ ಆಕೆ ಗೇಟಿನ ತನಕ ಬಂದರು. ‘ಮನಿ ಮುಟ್ಟಿದ ಮ್ಯಾಲ ರಿಂಗ್ ಕೊಡ್ರಿ’ ಎಂದರು. ಗೇಟಿನ ಚಿಲಕ ಹಾಕುತ್ತ, ‘ನಾ ಎತ್ತೂದಿಲ್ಲ’ ಎಂದರು.

ಪಟಮಟ ಮುಟ್ಟಿದವನೇ ಬಾಗಿಲಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಒಂದು ರಿಂಗ್ ಕೊಟ್ಟೆ. ಸದ್ಯ, ಯಾರೂ ಎತ್ತಲಿಲ್ಲ.