ಒಬ್ಬಳಿಗೆ ಒಂದು ಬಟ್ಟಲು

ಕಾಳಮ್ಮ ಆರಿದ ಅನ್ನ ತಿಂದೇ ಅರವತ್ತು ತುಂಬಿಸಿದವಳು.

ಹುಟ್ಟಿದ್ದು ಗಾಜನೂರಿನಲ್ಲಿ. ಅಪ್ಪ ಅಣೆಕಟ್ಟಿನ ಗೇಟು ಕಾಯುವ ಕೆಲಸಕ್ಕಿದ್ದ. ಬಿಸಿ ಎಂಬುದನ್ನು ಅವಳ ನಾಲಿಗೆ ಕಂಡಿದ್ದರೆ ಅದು ಅಲ್ಲಿಯೇ. ಅವ್ವ ಒಲೆಯ ಪಕ್ಕದಲ್ಲೇ ಕೂರಿಸಿಕೊಂಡು, ಹೆಂಚಿನ ಮೇಲಿನ ಅಕ್ಕಿರೊಟ್ಟಿಯನ್ನು ನೇರವಾಗಿ ಅವಳ ಕೈಗೆ ಹಾಕುತ್ತಿದ್ದಳು. ಈ ಅಂಗೈಯಿಂದ ಆ ಅಂಗೈಗೆ ಎಗರಿಸುತ್ತ, ಹಾ ಹಾ ಎಂದು ಬಾಯಿಂದ ಹಬೆ ಬಿಡುತ್ತ ತಿನ್ನುವ ಮಗಳನ್ನು ನೋಡಿ ಅವ್ವ ನಗುತ್ತಿದ್ದಳು. ಮದುವೆಯಾಗಿ ಭದ್ರಾವತಿಗೆ ಬಂದ ಮೇಲೆ ಆ ರೊಟ್ಟಿಯೂ ಇಲ್ಲ, ಆ ನಗುವೂ ಇಲ್ಲ.

ಹಳೇನಗರದ ಆ ಮನೆಯಲ್ಲಿ ಮೂರು ಶಿಫ್ಟಿನ ಗಂಡಸರಿದ್ದರು. ಮಾವ, ಗಂಡ ಈಶ್ವರಪ್ಪ, ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದ ಮೈದುನ ಷಡಾಕ್ಷರಿ, ಮೂವರೂ ಕಾರ್ಖಾನೆಯವರು. ಒಬ್ಬರು ಉಂಡು ಹೊರಡುವ ಹೊತ್ತಿಗೆ ಇನ್ನೊಬ್ಬರು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಕಾರ್ಖಾನೆಯ ಸೈರನ್ನು ಊರಿಗೆಲ್ಲ ಹೊತ್ತು ಹೇಳಿದರೆ ಅವಳಿಗೆ ಮಾತ್ರ ಸೌಟು ಹಿಡಿ ಎನ್ನುತ್ತಿತ್ತು. ಅತ್ತೆಯದೊಂದು ಕಟ್ಟಳೆ ಬೇರೆ: ಎಂಜಲು ಕೈಯಲ್ಲಿ ಸೌಟು ಮುಟ್ಟಬಾರದು. ಅಂದರೆ ಬಡಿಸುವುದು ಬಾಕಿ ಇರುವ ತನಕ ಬಡಿಸುವವಳು ಉಣ್ಣುವಂತಿಲ್ಲ. ಎಲ್ಲರದೂ ಆಗಲಿ ಎಂದು ಕಾಯುತ್ತ ಕೂತರೆ, ಎಲ್ಲರದೂ ಆಗುವ ಹೊತ್ತು ಆ ಮನೆಯಲ್ಲಿ ಬರುತ್ತಲೇ ಇರಲಿಲ್ಲ. ಕೊನೆಗೊಮ್ಮೆ ಅವಳು ತಟ್ಟೆ ಹಾಕಿಕೊಂಡಾಗ ಅನ್ನ ಹೆಂಟೆಯಾಗಿರುತ್ತಿತ್ತು, ಸಾರು ಕೆರೆಯ ನೀರಿನಷ್ಟು ತಣ್ಣಗಿರುತ್ತಿತ್ತು.

ಸಿಟ್ಟು ಬರುತ್ತಿರಲಿಲ್ಲವೆ? ಬರುತ್ತಿತ್ತು. ಆದರೆ ಕಾಳಮ್ಮನ ಸಿಟ್ಟಿಗೆ ಬಾಯಿ ಇರಲಿಲ್ಲ, ಸೌಟು ಇತ್ತು. ಯಾರ ಮೇಲೆ ಸಿಟ್ಟೋ ಅವರಿಗೆ ಹೆಚ್ಚು ಬಡಿಸುತ್ತಿದ್ದಳು. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಅನ್ನ ಸುರಿದು ಹೋಗುತ್ತಿದ್ದಳು. ತಟ್ಟೆಯಲ್ಲಿ ಅಗುಳು ಬಿಡುವುದನ್ನು ಆ ಮನೆ ಸಹಿಸುತ್ತಿರಲಿಲ್ಲ. ಉಂಡು ಉಂಡು ಏದುಸಿರು ಬಿಡುವ ಈಶ್ವರಪ್ಪನನ್ನು ನೋಡಿ ಷಡಾಕ್ಷರಿ, "ಏನಣ್ಣ, ಇವತ್ತು ಅತ್ತಿಗೆ ಪ್ರೀತಿ ಜಾಸ್ತಿ ಆದಂಗಿದೆ" ಎಂದು ನಗುತ್ತಿದ್ದ. ಅದು ಪ್ರೀತಿಯಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಲಿಲ್ಲವಲ್ಲ ಎಂಬುದು ಅವಳಿಗೆ ಇನ್ನೊಂದು ಸಿಟ್ಟು.

ಮಗ ಹರಿಪ್ರಸಾದ್ ಹೈಸ್ಕೂಲಿಗೆ ಬಂದ ವರ್ಷ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಅಲ್ಲಿಯೂ ಅಷ್ಟೆ. ಮೊದಲ ತುತ್ತನ್ನು ಮೇಷ್ಟ್ರು ರುಚಿ ನೋಡಬೇಕು, ಆಮೇಲೆ ಮಕ್ಕಳ ಸಾಲು, ಆಮೇಲೆ ಮಗುವನ್ನು ಮುಳುಗಿಸಿ ಮೀಯಿಸಬಹುದಾದಷ್ಟು ದೊಡ್ಡ ಪಾತ್ರೆಗಳನ್ನು ತಿಕ್ಕುವುದು. ತಳದಲ್ಲಿ ಉಳಿದದ್ದು ಅವಳದು. ಮಕ್ಕಳ ಮೇಲೆ ಅವಳಿಗೆ ಎಂದೂ ಸಿಟ್ಟು ಬರಲಿಲ್ಲ. ಅವು ಬೆರಳು ನೆಕ್ಕುವುದನ್ನು ನೋಡುತ್ತ ನಿಂತುಬಿಡುತ್ತಿದ್ದಳು, ತಾನು ನಿಂತಿದ್ದೇನೆಂಬುದನ್ನೂ ಮರೆತು.

ಈ ನಡುವೆ ಅತ್ತೆ ಮಾವ ತೀರಿಕೊಂಡರು, ಗಂಡ ಮೈದುನರು ಕಾರ್ಖಾನೆಯಿಂದ ನಿವೃತ್ತರಾದರು, ಕಟ್ಟಳೆ ಮಾತ್ರ ಉಳಿಯಿತು. ಈ ಬೇಸಿಗೆಯಲ್ಲಿ ಅವಳಿಗೂ ಅರವತ್ತಾಯಿತು, ಕೆಲಸ ಮುಗಿಯಿತು. ಬೀಳ್ಕೊಡುಗೆಯ ಹಿಂದಿನ ದಿನ ಹೆಡ್‌ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು, "ಕಾಳಮ್ಮೋರೆ, ನಿಮ್ ಕೈರುಚಿ ಇನ್ನು ನಮಗೆಲ್ಲಿ ಸಿಗುತ್ತೆ? ನಾಳೆ ಫಂಕ್ಷನ್ನಿಗೆ ಉಪ್ಪಿಟ್ಟು, ಕೇಸರಿಬಾತು ನೀವೇ ಮಾಡ್ಬಿಡಿ" ಎಂದರು. ತನ್ನ ಬೀಳ್ಕೊಡುಗೆಗೆ ತಾನೇ ರವೆ ಹುರಿದಳು. ಶಾಲು ಹೊದಿಸಿದರು, ಹೊದಿಸಿದ ಶಾಲನ್ನೇ ಸೊಂಟಕ್ಕೆ ಬಿಗಿದುಕೊಂಡು ಬಡಿಸಿದಳು. ಹೆಡ್‌ಮೇಷ್ಟ್ರ ತಟ್ಟೆಗೆ ಕೇಸರಿಬಾತು ಬಿತ್ತು, ಮತ್ತೆ ಬಿತ್ತು, ಬೇಡ ಬೇಡ ಎಂದಾಗ ಇನ್ನೊಮ್ಮೆ ಬಿತ್ತು. "ಎಷ್ಟು ಅಭಿಮಾನ ನೋಡಿ" ಎಂದರು ಅವರು, ಬೆಲ್ಟು ಸಡಿಲಿಸುತ್ತ.

ಹರಿಪ್ರಸಾದ್ ಶಿವಮೊಗ್ಗದ ಬೈಕ್ ಶೋರೂಮೊಂದರಲ್ಲಿ ಕೆಲಸಕ್ಕಿದ್ದು, ಹೆಂಡತಿ ತನುಶ್ರೀಯೊಂದಿಗೆ ಅಲ್ಲಿನ ಹೊಸಮನೆ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದ. ಅವನ ಮನೆಗೆ ಆಟೋದಲ್ಲಿ ಹೋಗುವಾಗ ಸಿಗ್ನಲ್ಲಿನ ಪಕ್ಕ ಗಾಜಿನ ಗೋಡೆಯ ಹೋಟೆಲೊಂದು ಸಿಗುತ್ತಿತ್ತು. ಬೋರ್ಡಿನ ಮೇಲೆ ಏಳು ದೇಶಗಳ ಬಾವುಟ. ಇಂಗ್ಲಿಷಿನಲ್ಲಿ ಅದಕ್ಕೇನೋ ಉದ್ದದ ಹೆಸರಿತ್ತು. ಆಟೋದವರ ಬಾಯಲ್ಲಿ ಅದು ಏಳು ಬಾವುಟದ ಹೋಟೆಲು. ಒಂದು ದಿನ ಸಿಗ್ನಲ್ಲಿಗೆ ನಿಂತ ಆಟೋದಿಂದ ಅವಳು ಕಂಡದ್ದು ಇಷ್ಟು: ಗಾಜಿನಾಚೆ ತನ್ನದೇ ವಯಸ್ಸಿನ ಹೆಂಗಸೊಬ್ಬಳು ಒಬ್ಬಳೇ ಕೂತಿದ್ದಾಳೆ. ಮುಂದೆ ಕರಿಯ ಬಟ್ಟಲು. ಹಬೆ ಎದ್ದು ಕನ್ನಡಕ ಮಂಜಾಗಿದೆ. ಆಕೆ ಕನ್ನಡಕ ತೆಗೆದಿಟ್ಟು, ಶಾವಿಗೆಯಂಥದ್ದನ್ನು ಬಾಯಿಗೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಯಾರೂ ಆಕೆಯನ್ನು ಏನೂ ಕೇಳುತ್ತಿರಲಿಲ್ಲ. ಹಸಿರು ದೀಪ ಬಿತ್ತು, ಆಟೋ ಹೊರಟಿತು. ಆ ಬಟ್ಟಲು ಮಾತ್ರ ಕಾಳಮ್ಮನ ತಲೆಯಿಂದ ಹೊರಡಲಿಲ್ಲ.

ಹಾಗಾಗಿ ನಿವೃತ್ತಿಗೆ ಏನು ಬೇಕಮ್ಮ, ಸೀರೆಯೋ ಮೊಬೈಲೋ ಎಂದು ಮಗ ಕೇಳಿದಾಗ ಅವಳು ಯೋಚಿಸಲೂ ಇಲ್ಲ.

"ಏಳು ಬಾವುಟದ ಹೋಟ್ಲಲ್ಲಿ ಶಾವಿಗೆ ಬಟ್ಲು ಕೊಡ್ಸು."

"ಅದು ರಾಮೆನ್ ಅಂತ ಅತ್ತೆ, ಜಪಾನಿಂದು" ಎಂದಳು ತನುಶ್ರೀ. "ವೆಜ್ಜೇ ಸಿಗುತ್ತೆ."

"ಏನಾದ್ರೂ ಆಗ್ಲಿ. ನಂಗೊಂದು ಬಟ್ಲು. ನಂಗೇ."

ಭಾನುವಾರ ಮಧ್ಯಾಹ್ನ ಐವರು ಹೋದರು. ಷಡಾಕ್ಷರಿಯನ್ನು ಯಾರೂ ಕರೆದಿರಲಿಲ್ಲ. "ಜಪಾನ್ ಊಟಕ್ಕೆ ನನ್ ಬಿಟ್ಟು ಹೋಗ್ತೀರಾ?" ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವನೇ ಮುಂದೆ ಹೊರಟಿದ್ದ. ಮೆನು ಅವನ ಕೈಗೇ ಹೋಯಿತು. ದಪ್ಪ ಮೀಸೆಯ ಸಪ್ಲೈಯರ್ ಬಂದು ನಿಂತ.

"ಈ ಜಪಾನ್ ಶಾವಿಗೆ ಬಟ್ಲು ಎಷ್ಟು ದೊಡ್ಡದಿರುತ್ತಪ್ಪ?"

"ಒಬ್ರಿಗೆ ಹೊಟ್ಟೆ ತುಂಬುತ್ತೆ ಸಾರ್."

"ಹಂಗಾದ್ರೆ ಎರಡು ಸಾಕು. ಒಂದು ಒನ್ ಬೈ ಟೂ ಮಾಡು, ಇನ್ನೊಂದು ಒನ್ ಬೈ ತ್ರೀ."

"ಸಾರ್, ರಾಮೆನ್ ಹಂಗೆಲ್ಲ ಒನ್ ಬೈ ಟೂ ಮಾಡಲ್ಲ ಸಾರ್."

"ಕಾಫಿ ಮಾಡ್ತೀರಿ, ಸೂಪ್ ಮಾಡ್ತೀರಿ, ಇದನ್ಯಾಕೆ ಮಾಡಲ್ಲ? ಖಾಲಿ ಬಟ್ಲು ತಂದಿಡು ಮಾರಾಯ, ನಾವೇ ಮಾಡ್ಕೋತೀವಿ."

"ನಂಗೆ ಒಂದು ಪೂರ್ತಿ ಬೇಕಿತ್ತು" ಎಂದಳು ಕಾಳಮ್ಮ.

"ಅಮ್ಮ, ಅದೊಂದೇ ತಿಂದ್ರೆ ಬೇರೆ ದೇಶದ್ದೆಲ್ಲ ಯಾವಾಗ ತಿಂತೀಯ?" ಹರಿಪ್ರಸಾದ್ ಉತ್ಸಾಹದಲ್ಲಿದ್ದ. "ಪಾಸ್ತಾ, ಥಾಯ್ ಕರಿ, ಮೆಕ್ಸಿಕನ್ ರೈಸು, ಒಂದೊಂದು ಹೇಳೋಣ. ಹಂಚ್ಕೊಂಡು ತಿಂದ್ರೇ ಮಜಾ."

ಈಶ್ವರಪ್ಪ ತಲೆಯಾಡಿಸಿದ. ಅವನು ತಲೆಯಾಡಿಸಿದರೆ ಮಾತು ಮುಗಿದಂತೆ.

ಎಲ್ಲವೂ ಒಟ್ಟಿಗೇ ಬಂತು. ಎರಡು ಕರಿಯ ಬಟ್ಟಲುಗಳಿಂದ ಹಬೆ ಏಳುತ್ತಿತ್ತು. ಕಾಳಮ್ಮ ಅದನ್ನೇ ನೋಡಿದಳು. ಸಪ್ಲೈಯರ್ ದೊಡ್ಡ ಚಮಚ ಎತ್ತಿಕೊಂಡ. ಷಡಾಕ್ಷರಿ ಕೈ ಅಡ್ಡ ತಂದ.

"ನೀ ಬಿಡಪ್ಪ. ನಮ್ಮತ್ತಿಗೆ ಬಡಿಸ್ತಾರೆ. ಅವ್ರು ಬಡಿಸಿದ್ರೇನೇ ನಮಗೆ ಊಟ ಇಳಿಯೋದು."

ಸಪ್ಲೈಯರ್ ಚಮಚವನ್ನು ಅವಳ ಮುಂದಿಟ್ಟು ಹಿಂದೆ ಸರಿದ. ಎಲ್ಲರೂ ಅವಳತ್ತ ನೋಡಿದರು. ಕೆಟ್ಟ ನೋಟವಲ್ಲ. ಬೆಳಗಾದರೆ ನಲ್ಲಿಯನ್ನು ನೋಡುತ್ತಾರಲ್ಲ, ಹಾಗೆ.

ಕಾಳಮ್ಮನನ್ನು ಕೇಳದೆಯೇ ಅವಳ ಕೈ ಮೇಲೆದ್ದಿತು. ಕೈಯ ಹಿಂದೆ ಅವಳೂ ಎದ್ದಳು. ಶಾವಿಗೆಯನ್ನು ಪಾಲು ಮಾಡಿದಳು. ಗಂಡನಿಗೆ ಕೆಂಪೆಣ್ಣೆ ತೇಲುವ ರಸ ಹೆಚ್ಚು, ಮಗನಿಗೆ ಅಣಬೆ ಹೆಚ್ಚು.

"ಅಮ್ಮ, ಆ ಪನೀರು ಈ ಕಡೆ."

"ಲೇ, ಅನ್ನಕ್ಕೆ ಆ ಹಸಿರು ಸಾರು ಇನ್ನೊಂಚೂರು ಹಾಕೇ."

"ಅತ್ತೆ, ಹಂಗೇ ನಿಂತ್ಕೊಳ್ಳಿ, ಸ್ಪೂನು ಸ್ವಲ್ಪ ಮೇಲೆ ಹಿಡೀರಿ." ತನುಶ್ರೀ ಮೊಬೈಲು ಎತ್ತಿದ್ದಳು. "ಸ್ಟೇಟಸ್ಸಿಗೆ ಹಾಕ್ತೀನಿ. ಅತ್ತೆಯ ರಿಟೈರ್‌ಮೆಂಟ್ ಪಾರ್ಟಿ!"

ಕಾಳಮ್ಮ ಚಮಚ ಮೇಲೆ ಹಿಡಿದು ನಿಂತಳು. ಫೋಟೋ ಆಯಿತು. ಎಲ್ಲರ ತಟ್ಟೆಯೂ ತುಂಬಿತು. ಅವಳ ಪಾಲಿಗೆ ಅಂಗೈಯಗಲದ ಬಟ್ಟಲಲ್ಲಿ ಸ್ವಲ್ಪ ಶಾವಿಗೆ, ಅದು ಮುಳುಗದಷ್ಟು ರಸ. ಕೂತು, ಬೆರಳ ತುದಿ ಅದ್ದಿ ನೋಡಿದಳು.

ತಣ್ಣಗಿತ್ತು.

ಸಿಟ್ಟು ಬಂತು. ಷಡಾಕ್ಷರಿಯ ಮೇಲೆ, ತಲೆಯಾಡಿಸಿದ ಗಂಡನ ಮೇಲೆ, ಹಂಚಿಕೊಂಡು ತಿನ್ನೋಣ ಎಂದ ಮಗನ ಮೇಲೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ತನ್ನ ಕೈಯ ಮೇಲೆ. ಏಳು ಎಂದವರು ಯಾರು? ಸಿಳ್ಳೆ ಕೇಳಿದ ನಾಯಿಯಂತೆ ಎದ್ದಿತಲ್ಲ! ಆ ಸಿಟ್ಟಿಗೆ ಗೊತ್ತಿದ್ದ ದಾರಿ ಒಂದೇ. ಚಮಚ ತೆಗೆದುಕೊಂಡು ಷಡಾಕ್ಷರಿಯ ತಟ್ಟೆಗೆ ಪಾಸ್ತಾ ಸುರಿದಳು. ಅದರ ಮೇಲೆ ಅನ್ನ. ಅನ್ನದ ಮೇಲೆ ಹಸಿರು ಸಾರು.

"ನೋಡಣ್ಣ!" ಷಡಾಕ್ಷರಿ ಬಾಯಿ ತುಂಬ ನಕ್ಕ. "ಶಿವಮೊಗ್ಗಕ್ಕೆ ಬಂದ್ರೂ ಅತ್ತಿಗೆ ಪ್ರೀತಿ ಕಮ್ಮಿ ಆಗ್ಲಿಲ್ಲ."

ಚಮಚ ಗಾಳಿಯಲ್ಲೇ ನಿಂತಿತು.

"ಪ್ರೀತಿ ಅಲ್ಲ ಅದು" ಎಂದಳು ಕಾಳಮ್ಮ. "ಸಿಟ್ಟು. ನಾನು ಆ ಮನೆಗೆ ಬಂದಾಗಿಂದ ನಿಮ್ ತಟ್ಟೆಗೆ ರಾಶಿ ಹಾಕಿದ್ನಲ್ಲ ಷಡಾಕ್ಷರಿ, ಅಷ್ಟೂ ಸಿಟ್ಟೇ. ನೀವು ತಿಂದು ತೇಗಿದ್ರಿ."

ಕಾಳಮ್ಮ ಚಮಚವನ್ನು ಗಂಡನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ತನ್ನ ಕೈಚೀಲ ತೆಗೆದುಕೊಂಡು ಗಾಜಿನ ಗೋಡೆಯ ಪಕ್ಕದ ಖಾಲಿ ಮೇಜಿಗೆ ಹೋಗಿ ಕೂತಳು.

ಸಪ್ಲೈಯರ್ ತಡವರಿಸುತ್ತ ಬಂದ.

"ಶಾವಿಗೆ ಬಟ್ಲು ಒಂದು. ಬಿಸಿ ಇರ್ಲಿ."

"ಒಂದೇನಾ ಅಮ್ಮ? ಅಥವಾ..."

"ಒಬ್ಳಿಗೆ ಒಂದು."

ಈಶ್ವರಪ್ಪ ಎದ್ದು ಬಂದ. ಚಮಚ ಇನ್ನೂ ಕೈಯಲ್ಲೇ ಇತ್ತು, ಎಲ್ಲಿಡಬೇಕೆಂದು ತಿಳಿಯದವನಂತೆ.

"ಏನೇ ಇದು ಮಾರಾಯ್ತಿ? ಜನ ನೋಡ್ತಿದಾರೆ. ಅಲ್ಲೇ ಬಂದು ತಿನ್ನು."

"ಅಲ್ಲಿ ಕೂತ್ರೆ ಕೈ ಏಳುತ್ತೆ."

"ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ಕೊಡಿಸ್ತಿರ್ಲಿಲ್ವಾ?"

"ಕೇಳ್ದೆ. ನೀವು ಅಲ್ಲೇ ಇದ್ರಿ."

ಅಷ್ಟರಲ್ಲಿ ಹರಿಪ್ರಸಾದ್ ಬಂದು ಅವಳ ಭುಜ ಮುಟ್ಟಿದ. "ಬೇಜಾರು ಮಾಡ್ಕೋಬೇಡಮ್ಮ."

"ಬೇಜಾರಲ್ಲ ಕಣೋ, ಸಿಟ್ಟು. ಹೋಗು, ನಿಂದು ಆರ್ತಿದೆ."

ಬಟ್ಟಲು ಬಂತು. ಹಬೆ ಮುಖಕ್ಕೆ ಹೊಡೆದು ಅವಳ ಕನ್ನಡಕವೂ ಮಂಜಾಯಿತು. ಕಾಳಮ್ಮ ಅದನ್ನು ತೆಗೆದು ಪಕ್ಕಕ್ಕಿಟ್ಟಳು. ತಿನ್ನಲೆಂದು ಬಟ್ಟಲಿನ ಜೊತೆ ಕೊಟ್ಟಿದ್ದ ಜೋಡಿ ಕಡ್ಡಿಗಳನ್ನು ಸರಿಸಿ, ಫೋರ್ಕಿನಲ್ಲಿ ಎತ್ತಿ ಬಾಯಿಗಿಟ್ಟಳು. ನಾಲಿಗೆ ಚುರ್ರೆಂದಿತು. ಹಾ ಹಾ ಎಂದು ಬಾಯಿ ತೆರೆದು ಹಬೆ ಬಿಟ್ಟಳು. ಕಣ್ಣಲ್ಲಿ ನೀರು ಬಂತು, ಒರೆಸಲಿಲ್ಲ, ನಿಲ್ಲಿಸಲೂ ಇಲ್ಲ. ನಿಜ ಹೇಳಬೇಕೆಂದರೆ ರುಚಿ ಅಷ್ಟಕ್ಕಷ್ಟೆ. ಉಪ್ಪು ಸಾಲದು, ಅದೇನೋ ಕಮಟು ವಾಸನೆ, ಶಾವಿಗೆಗೆ ಒಗ್ಗರಣೆಯ ಗಂಧವಿಲ್ಲ. ಆದರೂ ತಿಂದಳು. ಕೊನೆಗೆ ಬಟ್ಟಲು ಎತ್ತಿ ತಳದ ರಸವನ್ನೂ ಕುಡಿದಳು. ಹೊರಗೆ ಸಿಗ್ನಲ್ಲಿನಲ್ಲಿ ಆಟೋಗಳು ನಿಂತಿದ್ದವು, ಯಾರೋ ಒಳಗೆ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು.

ಭದ್ರಾವತಿಯ ಬಸ್ಸಿನಲ್ಲಿ ಷಡಾಕ್ಷರಿ ಮುಂದಿನ ಸೀಟಿನಿಂದ ತಿರುಗಿ, ಅಣ್ಣನಿಗೆಂಬಂತೆ, "ಜಪಾನ್ ಶಾವಿಗೆ ತಿಂದ್ರೆ ಪಿತ್ತ ನೆತ್ತಿಗೇರುತ್ತೆ ಅಂತ ಕಾಣುತ್ತೆ" ಎಂದ. ಬಸ್ಸು ಶಿವಮೊಗ್ಗ ದಾಟಿದ ಮೇಲೆ ಈಶ್ವರಪ್ಪ ತಗ್ಗಿದ ದನಿಯಲ್ಲಿ ಕೇಳಿದ, "ಹೆಂಗಿತ್ತೇ?"

"ಬಿಸಿ ಇತ್ತು."

ಮರುದಿನ ಮಧ್ಯಾಹ್ನ ಹಳೇನಗರದ ಮನೆಯಲ್ಲಿ ಕಾಳಮ್ಮ ಅನ್ನದ ಪಾತ್ರೆ, ಸಾರಿನ ಪಾತ್ರೆ ತಂದು ನಡುವೆ ಇಟ್ಟಳು. ಮೂರು ತಟ್ಟೆ ಇಟ್ಟಳು. ಅಣ್ಣ ತಮ್ಮ ಕೈ ತೊಳೆದು ಬಂದು ಕೂತರು. ಅವಳೂ ಕೂತಳು. ತನ್ನ ತಟ್ಟೆಗೆ ಅನ್ನ ಹಾಕಿಕೊಂಡು, ನಡುವೆ ಗುಳಿ ಮಾಡಿ, ಕುದಿಯುವ ಸಾರು ಬಿಟ್ಟುಕೊಂಡು ಕಲಸತೊಡಗಿದಳು. ಸುಟ್ಟ ನಾಲಿಗೆಗೆ ಖಾರ ತಾಗಿ ಉರಿಯಿತು. ಅವಳು ಎರಡನೇ ತುತ್ತು ಇಟ್ಟಳು.

ಷಡಾಕ್ಷರಿ ಅಣ್ಣನನ್ನು ನೋಡಿದ. ಈಶ್ವರಪ್ಪ ಖಾಲಿ ತಟ್ಟೆಯನ್ನು ನೋಡಿದ. ಅವಳ ಬಲಗೈ ಎಂಜಲಾಗಿತ್ತು. ಆ ಮನೆಯ ಕಟ್ಟಳೆಯ ಪ್ರಕಾರ ಇನ್ನು ಅವಳು ಸೌಟು ಮುಟ್ಟುವಂತಿರಲಿಲ್ಲ.

"ಸೌಟು ಎಲ್ಲೇ?" ಎಂದ ಈಶ್ವರಪ್ಪ.

"ನಿಮ್ ಮುಂದೇ ಇದೆಯಲ್ಲ" ಎಂದಳು ಕಾಳಮ್ಮ, ತಲೆ ಎತ್ತದೆ.